ಅಜ್ಜ ಕಂಡ ಗಾಂಜಾ ಅಂಗಡಿ, ಮೊಮ್ಮಗನ ಕಬ್ಬಿನ ಹೊಲ

ಪ್ರಶ್ನೆ: ನಮ್ಮದು ರಾಯಬಾಗ ತಾಲೂಕು, ನಾಲ್ಕು ಎಕರೆ ಕಬ್ಬು ಇದೆ. ನಮ್ಮ ಅಜ್ಜನಿಗೆ ಈಗ 92 ವರ್ಷ. ತಾವು ಸಣ್ಣವರಿದ್ದಾಗ ಚಿಕ್ಕೋಡಿ ಪೇಟೆಯಲ್ಲಿ ಸರಕಾರದ ಲೈಸೆನ್ಸ್ ಇದ್ದ ಗಾಂಜಾ ಅಂಗಡಿ ಇತ್ತು, ರಾಜಾರೋಷವಾಗಿ ಮಾರುತ್ತಿದ್ದರು ಅನ್ನುತ್ತಾರೆ. ಕೆನಡಾದಲ್ಲಿರುವ ಚಿಕ್ಕಪ್ಪನ ಮಗ ಅಲ್ಲಿ ಈಗ ಅಂಥದೇ ಅಂಗಡಿ ಇದೆಯೆಂದು ಫೋಟೋ ಕಳಿಸಿದ್ದಾನೆ. ಹಾಗಾದರೆ ನಮ್ಮಲ್ಲಿ ಅದು ಬಂದ್ ಆದದ್ದು ಯಾವಾಗ, ಯಾಕೆ? ಮತ್ತೆ ಚಾಲೂ ಆಗುತ್ತದೆಯೇ? ಇನ್ನೊಂದು ವಿಷಯ. ‘ಇಂಡಸ್ಟ್ರಿಯಲ್ ಹೆಂಪ್ ಈಗ ಲೀಗಲ್, ಬೀಜ ನಾವೇ ಕೊಡುತ್ತೇವೆ, ಮಾಲೂ ನಾವೇ ಒಯ್ಯುತ್ತೇವೆ’ ಎಂದು ಒಬ್ಬ ಏಜೆಂಟ್ ಎರಡು ಸಲ ಬಂದು ಹೋದ. ಬಿತ್ತಲು ಮನಸ್ಸಿಲ್ಲದಿದ್ದರೆ ಒಂದು ಎಕರೆ ಲಾವಣಿಗಾದರೂ (ಗೇಣಿಗಾದರೂ) ಕೊಡಿ ಅನ್ನುತ್ತಾನೆ. ಕೊಡಬಹುದೇ? ತಿಪ್ಪೆಯ ಹತ್ತಿರ ತಾನೇ ಎದ್ದ ಒಂದು ಗಿಡದ ಫೋಟೋ ಕಳಿಸಿದ್ದೇನೆ, ಅದೂ ಅದೇನಾ ನೋಡಿ ಹೇಳಿ.

ಉತ್ತರ: ನಿಮ್ಮ ಅಜ್ಜಾರ ಮಾತು ಖರೆ. ವಯಸ್ಸಾದವರ ಕಥೆ ಎಂದು ಬಿಡಬೇಡಿ. ಆ ಅಂಗಡಿ ಕಂಡವರಲ್ಲಿ ಇವತ್ತು ಉಳಿದಿರುವುದು ಅವರ ವಯಸ್ಸಿನವರು ಮಾತ್ರ. ಅವರು ಹತ್ತು ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ವಿಜಯಪುರವೂ ಅಷ್ಟೇ. ಬಾಗಲಕೋಟೆ ಆಗ ಬೇರೆ ಜಿಲ್ಲೆಯಾಗಿರಲಿಲ್ಲ, ವಿಜಯಪುರದ ಹೊಟ್ಟೆಯಲ್ಲೇ ಇತ್ತು. ಈ ಸೀಮೆಗೆ ಅನ್ವಯಿಸುತ್ತಿದ್ದದ್ದು 1878ರ ಮುಂಬಯಿ ಅಬಕಾರಿ ಕಾಯ್ದೆ. ಆ ಕಾಯ್ದೆಯ ಕಣ್ಣಿಗೆ ಸಾರಾಯಿ, ಸೇಂದಿ ಹೇಗೋ ಗಾಂಜಾ, ಭಂಗಿ, ಚರಸ್ ಕೂಡ ಹಾಗೆಯೇ, ಸರಕಾರಕ್ಕೆ ಆದಾಯ ತರುವ ಬಾಬುಗಳು. ಅಂಗಡಿ ಇಡುವ ಹಕ್ಕನ್ನು ಸವಾಲಿಗೆ ಹಾಕುತ್ತಿದ್ದರು. ಹೆಚ್ಚು ಕೂಗಿದವನಿಗೆ ಗುತ್ತಿಗೆ, ಅವನ ಕೈಗೆ ಒಂದು ಪರವಾನಗಿ ಕಾಗದ. ಆ ಕಾಗದ ಇದ್ದವನು ಮಾರಿದರೆ ವ್ಯಾಪಾರ, ಇಲ್ಲದವನು ಮಾರಿದರೆ ಗುನ್ನೆ. ಮುಂಬಯಿ ಪ್ರಾಂತ್ಯದ ಗಾಂಜಾ ಬಹಳಷ್ಟು ಅಹ್ಮದನಗರದ ಕಡೆ ಬೆಳೆಯುತ್ತಿತ್ತು.

ನಡುವೆ ಸಂಸ್ಥಾನಗಳೂ ಇದ್ದವು ಎಂಬುದನ್ನು ಮರೆಯಬಾರದು. ಜಮಖಂಡಿ, ಮುಧೋಳ, ರಾಮದುರ್ಗಗಳಿಗೆ ತಮ್ಮದೇ ರಾಜರು. ಬೆಳಗಾವಿ ಊರೊಳಗಿನ ಶಹಾಪುರ ಕೂಡ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ರಸ್ತೆಯ ಈಚೆ ಒಂದು ಆಡಳಿತ, ಆಚೆ ಇನ್ನೊಂದು. ಅಬಕಾರಿ ಇನ್‌ಸ್ಪೆಕ್ಟರನ ತಲೆನೋವು ಎಂಥದಿರಬಹುದು ಎಂದು ನಾನು ಆಗಾಗ ನೆನೆಸಿಕೊಂಡು ನಗುತ್ತೇನೆ.

ಆ ಕಾಲದ ವ್ಯವಸ್ಥೆಯ ಬಗ್ಗೆ ನಮಗೆ ಇಷ್ಟು ವಿವರ ಸಿಗುವುದಕ್ಕೆ ಒಂದು ಕಾರಣವಿದೆ. ಗಾಂಜಾದಿಂದ ಹಿಂದೂಸ್ಥಾನದ ಜನ ಹುಚ್ಚರಾಗುತ್ತಿದ್ದಾರೆ, ಸರಕಾರ ಅದರಿಂದ ತೆರಿಗೆ ತಿನ್ನುತ್ತಿದೆ ಎಂಬ ಕೂಗು 1893ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಮುಟ್ಟಿತು. ಅದೇ ವರ್ಷ ಏಳು ಜನರ ಆಯೋಗವೊಂದು ಕೂತಿತು. ಮೂವರು ಭಾರತೀಯರು, ಮ್ಯಾಕ್‌ವರ್ಥ್ ಯಂಗ್ ಎಂಬವರು ಅಧ್ಯಕ್ಷರು. ಮುಂಬಯಿ ಪ್ರಾಂತ್ಯವೂ ಸೇರಿದಂತೆ ದೇಶದ ತುಂಬ ಓಡಾಡಿ 1,193 ಜನರ ಸಾಕ್ಷ್ಯ ಪಡೆದರು. ಡಾಕ್ಟರು, ಕಲೆಕ್ಟರು, ಜಮೀನುದಾರರು, ಪಾದ್ರಿಗಳು, ಗುತ್ತೇದಾರರು, ಸೇದುವವರು ಯಾರನ್ನೂ ಬಿಡಲಿಲ್ಲ. 1894ರಲ್ಲಿ ಬಂದ ವರದಿ ಹಲವು ಸಂಪುಟಗಳದ್ದು.

ನಾನು ವಕೀಲನಾಗಿ ಕೋರ್ಟಿನಲ್ಲಿ ಬದುಕಿದವನಾದ್ದರಿಂದ ಅದರಲ್ಲಿ ನನ್ನ ಮನಸ್ಸು ಹಿಡಿದಿರುವುದು ಹುಚ್ಚಾಸ್ಪತ್ರೆಗಳ ಭಾಗ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ‘ಹುಚ್ಚಿಗೆ ಕಾರಣ’ ಎಂಬ ಕಾಲಂ. ಸಾಲು ಸಾಲಾಗಿ ‘ಗಾಂಜಾ, ಗಾಂಜಾ, ಗಾಂಜಾ’. ಇದನ್ನು ಬರೆದವರು ಯಾರು, ಯಾವ ಆಧಾರದ ಮೇಲೆ ಎಂದು ಆಯೋಗ ಒಂದೊಂದೇ ಪ್ರಕರಣ ಬಿಚ್ಚುತ್ತ ಹೋಯಿತು. ಬೀದಿಯಲ್ಲಿ ಸಿಕ್ಕ ಹುಚ್ಚನನ್ನು ಪೊಲೀಸರು ತಂದುಬಿಡುತ್ತಿದ್ದರು. ಜೊತೆಗೊಂದು ಛಾಪಿಸಿದ ಫಾರ್ಮು ತುಂಬಿ ಕೊಡಬೇಕು. ಕಾರಣದ ಜಾಗ ಖಾಲಿ ಬಿಟ್ಟರೆ ಮೇಲಿನವರು ಬೈಯುತ್ತಾರೆ, ಮನುಷ್ಯ ಬೈರಾಗಿಯ ಹಾಗೆ ಕಾಣುತ್ತಾನೆ, ಅಂದಮೇಲೆ ‘ಗಾಂಜಾ’ ಎಂದು ಬರೆದರಾಯಿತು. ಡಾಕ್ಟರು ಅದನ್ನೇ ರಿಜಿಸ್ಟರಿಗೆ ಇಳಿಸಿದ. ವರ್ಷದ ಕೊನೆಗೆ ಅದೇ ಅಂಕಿ-ಅಂಶವಾಯಿತು. ಇಂಥ ರಿಜಿಸ್ಟರನ್ನು ನಂಬಲಾಗದು ಎಂದು ಆಯೋಗ ಬರೆಯಿತು. ಮಿತವಾಗಿ ಸೇವಿಸುವವರಲ್ಲಿ ಹೇಳಿಕೊಳ್ಳುವಂಥ ಹಾನಿ ಕಾಣಲಿಲ್ಲ, ಅತಿ ಮಾಡಿದವರಿಗೆ ಕೇಡು ಖಂಡಿತ, ಪೂರ್ತಿ ನಿಷೇಧ ಬೇಕಿಲ್ಲ, ಮಾಡಿದರೂ ನಿಲ್ಲುವುದಿಲ್ಲ ಎಂಬುದು ಅದರ ತೀರ್ಮಾನ. ಪಂಚನಾಮೆಯ ಮೊದಲ ಪುಟ ಓದುವಾಗ ನನಗೆ ಇವತ್ತಿಗೂ ಆ ಫಾರ್ಮು ನೆನಪಾಗುತ್ತದೆ.

ಹಾಗಂತ ಆಯೋಗ ಬಾಗಿಲು ತೆರೆದು ಬಿಡಲಿಲ್ಲ. ಲೈಸೆನ್ಸ್ ಇಲ್ಲದೆ ಬೆಳೆಯಬಾರದು, ಬೆಳೆಯುವ ಜಾಗ ಒಂದೆಡೆ ಇರಬೇಕು, ಅಂಗಡಿಗಳ ಸಂಖ್ಯೆಗೆ ಮಿತಿ ಬೇಕು, ಸವಾಲಿನ ಹಣದ ಜೊತೆ ತೂಕದ ಮೇಲೂ ಸುಂಕ ಹಾಕಬೇಕು ಎಂದಿತು. ಒಬ್ಬ ಮನುಷ್ಯ ಇಟ್ಟುಕೊಳ್ಳಬಹುದಾದ ಗಾಂಜಾಕ್ಕೆ ಅದು ಸೂಚಿಸಿದ ಮಿತಿ ಐದು ತೊಲ, ಇವತ್ತಿನ ಲೆಕ್ಕದಲ್ಲಿ ಸುಮಾರು 58 ಗ್ರಾಂ. ನಿಮ್ಮ ಚಿಕ್ಕಪ್ಪನ ಮಗ ಕೆನಡಾದಲ್ಲಿ ಜೇಬಿನಲ್ಲಿಟ್ಟುಕೊಂಡು ಓಡಾಡಬಹುದಾದದ್ದು 30 ಗ್ರಾಂ. ಅಜ್ಜಾರ ಊರಿನ ಅಂಗಡಿಯೇ ಉದಾರವಾಗಿತ್ತು ಅನ್ನಿ!

ಮುಂದೆ ಹೋಗುವ ಮೊದಲು ಗಿಡದ ಬಗ್ಗೆ ಎರಡು ಮಾತು ಹೇಳಬೇಕು, ಯಾಕೆಂದರೆ ನಿಮ್ಮ ಏಜೆಂಟನ ಮಾತಿನಲ್ಲಿರುವ ಗೊಂದಲವೆಲ್ಲ ಅಲ್ಲೇ ಇದೆ. ಗಿಡ ಒಂದೇ, ಭಂಗಿ ಗಿಡ. ಅದರ ಎಲೆ ಭಂಗಿ ಸೊಪ್ಪು, ಉತ್ತರದವರ ‘ಭಾಂಗ್’. ಹೆಣ್ಣು ಗಿಡದ ಹೂವಿನ ತೆನೆ ಗಾಂಜಾ. ಆ ತೆನೆಯ ಅಂಟು ಚರಸ್. ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡಿನ ಪರಾಗ ಬಿದ್ದರೆ ಹೆಣ್ಣು ಬೀಜ ಕಟ್ಟುತ್ತದೆ, ಅಂಟು ಕಡಿಮೆಯಾಗುತ್ತದೆ, ಗಾಂಜಾದ ಕಿಮ್ಮತ್ತು ಇಳಿಯುತ್ತದೆ. ಹಿಂದೆ ಬಂಗಾಳದ ನೌಗಾಂವ್ ಸೀಮೆಯಲ್ಲಿ ಸರಕಾರದ ಲೈಸೆನ್ಸಿನ ಹೊಲಗಳಿದ್ದಾಗ ಗಂಡು ಗಿಡ ಗುರುತಿಸಿ ಕೀಳುವುದಕ್ಕೆಂದೇ ನುರಿತ ಆಳುಗಳಿದ್ದರು. ಹೂವು ಸರಿಯಾಗಿ ಬಿಡುವ ಮೊದಲೇ ಸಾಲಿನಲ್ಲಿ ನಡೆದು, ಮೊಗ್ಗಿನ ಬುಡ ನೋಡಿ, ಇದು ಗಂಡು ಎಂದು ಕಿತ್ತೊಗೆಯುತ್ತಿದ್ದರು. ಇಂಗ್ಲಿಷ್ ಅಧಿಕಾರಿಗಳು ಅವರನ್ನು ‘ಗಾಂಜಾ ಡಾಕ್ಟರ್’ ಎಂದೇ ಕರೆದರು. ಇದೇ ಗಿಡವನ್ನು ನಾರು, ಬೀಜಕ್ಕೆಂದು ಬೆಳೆದರೆ ಅದು ಹೆಂಪ್, ಅಲ್ಲಿ ಇದರ ಉಲ್ಟಾ. ಬೀಜ ಬೇಕಾದರೆ ಗಂಡು ಇರಲೇಬೇಕು, ನಾರಿಗಾದರೆ ಒತ್ತೊತ್ತಾಗಿ ಬಿತ್ತಿ ಉದ್ದ ಕಡ್ಡಿ ತೆಗೆಯಬೇಕು. ಏಜೆಂಟ್ ಏನಾದರೂ ‘ಹೂವಿನ ತೆನೆ ಮಾತ್ರ ಒಣಗಿಸಿ ಕೊಡಿ’ ಎಂದರೆ ಅವನು ಕೇಳುತ್ತಿರುವುದು ಹೆಂಪ್ ಅಲ್ಲ.

ಈಗ ಬಂದ್ ಆದದ್ದು ಯಾವಾಗ ಎಂಬ ಪ್ರಶ್ನೆ. ಪೇಪರಿನಲ್ಲಿ, ಮೊಬೈಲಿನಲ್ಲಿ ಓದಿದವರೆಲ್ಲ ‘1985ರಲ್ಲಿ ಅಮೆರಿಕದ ಒತ್ತಡದಿಂದ’ ಎನ್ನುತ್ತಾರೆ. ದೇಶದ ಮಟ್ಟಿಗೆ ಅದರಲ್ಲಿ ಅರ್ಧ ಸತ್ಯ ಇರಬಹುದು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಎಂಬ ನಮ್ಮ ಮೂರು ಜಿಲ್ಲೆಗಳ ಮಟ್ಟಿಗೆ ಅದು ತಪ್ಪು. ನಮ್ಮ ಕಡೆ ಅಂಗಡಿಗೆ ಕೀಲಿ ಬಿದ್ದದ್ದು ಅದಕ್ಕೂ 35 ವರ್ಷ ಮೊದಲು. ಕೀಲಿ ಹಾಕಿದವರು ಅಮೆರಿಕದವರಲ್ಲ, ಖಾದಿ ತೊಟ್ಟವರು. ಬಾಳಾಸಾಹೇಬ ಖೇರ್ ಮುಖ್ಯಮಂತ್ರಿ, ಮೊರಾರ್ಜಿ ದೇಸಾಯಿ ಗೃಹಮಂತ್ರಿ ಆಗಿದ್ದ ಮುಂಬಯಿ ಸರಕಾರ 1949ರಲ್ಲಿ ಪಾನನಿಷೇಧ ಕಾಯ್ದೆ ತಂದಿತು. 1950ರ ಏಪ್ರಿಲ್ 6ರಿಂದ ರಾಜ್ಯದ ತುಂಬ ಪೂರ್ಣ ನಿಷೇಧ. ದಂಡಿ ಸತ್ಯಾಗ್ರಹದ ದಿನವನ್ನೇ ಅದಕ್ಕೆ ಆರಿಸಿಕೊಂಡಿದ್ದರು. ಆ ಕಾಯ್ದೆ ದಾರೂ ಒಂದನ್ನೇ ಹಿಡಿಯಲಿಲ್ಲ. ‘ಮಾದಕ ಪದಾರ್ಥ’ ಎಂಬ ಹೆಸರಿನಲ್ಲಿ ಗಾಂಜಾ, ಭಂಗಿಗಳನ್ನೂ ಒಳಗೆ ಎಳೆದುಕೊಂಡಿತು. ಪರ್ಮಿಟ್ ಇಲ್ಲದೆ ಇಟ್ಟುಕೊಳ್ಳುವುದೂ ಅಪರಾಧವಾಯಿತು. ಜಮಖಂಡಿ, ಮುಧೋಳದಂಥ ಸಂಸ್ಥಾನಗಳು 1948ರಲ್ಲೇ ಮುಂಬಯಿಯಲ್ಲಿ ವಿಲೀನವಾಗಿದ್ದರಿಂದ ಗಡಿ ದಾಟಿ ತರುವ ದಾರಿಯೂ ಮುಚ್ಚಿತು. ಅಜ್ಜಾರು ಆಗ ಹದಿನಾರು ಹದಿನೇಳರ ಹರೆಯದವರು. ಕೇಳಿ ನೋಡಿ, ಅಂಗಡಿ ಮುಚ್ಚಿದ ವರ್ಷವೂ ಅವರಿಗೆ ನೆನಪಿರಬಹುದು.

1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಆಮೇಲೆ 1965ರ ಅಬಕಾರಿ ಕಾಯ್ದೆ, 60ರ ದಶಕದ ಕೊನೆಗೆ ಪಾನನಿಷೇಧ ಸಡಿಲಿಕೆ. ದಾರೂ ಅಂಗಡಿಗಳು ಮತ್ತೆ ತೆರೆದವು. ನಮ್ಮ ಕಡೆಯ ಗಾಂಜಾ ಅಂಗಡಿ ತೆರೆಯಲಿಲ್ಲ. ಅದರ ಹಿಂದೆ ಸವಾಲು ಕೂಗುವ ದೊಡ್ಡ ಗುತ್ತೇದಾರರೂ ಉಳಿದಿರಲಿಲ್ಲ, ಅದಕ್ಕಾಗಿ ಬೆಂಗಳೂರಿಗೆ ಹೋಗಿ ಅರ್ಜಿ ಕೊಡುವ ಗಿರಾಕಿಯೂ ಇರಲಿಲ್ಲ ಎಂಬುದು ನನ್ನ ಊಹೆ. ಸೇದುತ್ತಿದ್ದವರು ಬೈರಾಗಿಗಳು, ಹಮಾಲರು, ಕೆಲವು ಆರೂಢ-ಅವಧೂತ ಗದ್ದಿಗೆಗಳ ಭಕ್ತರು. ಅವರ ಚಿಲುಮೆಗೆ ಓಟಿನ ಬಲ ಇರಲಿಲ್ಲ. ಗದ್ದಿಗೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ, ಪ್ರಸಾದವೆಂದು ಕೊಟ್ಟರೂ ಗಾಂಜಾಕ್ಕೆ ಇವತ್ತಿನ ಕಾಯ್ದೆಯಲ್ಲಿ ರಿಯಾಯಿತಿ ಇಲ್ಲ. ಔಷಧ ಮತ್ತು ವಿಜ್ಞಾನ ಎಂಬ ಎರಡೇ ಕಾರಣಗಳನ್ನು ಅದು ಒಪ್ಪುತ್ತದೆ.

ಅಂತರರಾಷ್ಟ್ರೀಯ ಕಥೆಯನ್ನು ಬೇಗ ಮುಗಿಸುತ್ತೇನೆ. 1925ರಲ್ಲಿ ಜಿನೀವಾದಲ್ಲಿ ಈಜಿಪ್ಟ್ ಹಟ ಹಿಡಿದದ್ದರಿಂದ ಅಫೀಮಿನ ಒಪ್ಪಂದದೊಳಗೆ ಗಾಂಜಾವೂ ಸೇರಿತು. 1961ರ ವಿಶ್ವಸಂಸ್ಥೆಯ ಒಪ್ಪಂದ ಇನ್ನೂ ಬಿಗಿ. ಔಷಧಕ್ಕಲ್ಲದ ಗಾಂಜಾ ಬಳಕೆಯನ್ನು 25 ವರ್ಷದೊಳಗೆ ನಿಲ್ಲಿಸಬೇಕು ಎಂದಿತು. ಒಪ್ಪಂದ ಜಾರಿಯಾದದ್ದು 1964ರ ಡಿಸೆಂಬರಿನಲ್ಲಿ, ಅಲ್ಲಿಗೆ ಗಡುವು 1989. ಭಾರತ ನಾಲ್ಕು ವರ್ಷ ಮೊದಲೇ ಮಾದಕ ದ್ರವ್ಯ ತಡೆಯುವ ಎನ್‌ಡಿಪಿಎಸ್ ಕಾಯ್ದೆ ಮಾಡಿತು, 1985ರ ನವೆಂಬರ್ 14ರಿಂದ ಜಾರಿ. ಆದರೆ 1961ರ ಒಪ್ಪಂದದ ವ್ಯಾಖ್ಯೆಯಲ್ಲಿ ತೆನೆ ಇಲ್ಲದ ಎಲೆ ಮತ್ತು ಬೀಜವನ್ನು ಹೊರಗಿಟ್ಟಿದ್ದರು. ನಮ್ಮ ಕಾಯ್ದೆಯೂ ಅದೇ ಮಾತನ್ನು ಇಟ್ಟುಕೊಂಡಿತು. ಕಾಶಿಯಲ್ಲಿ, ಜೈಸಲ್ಮೇರಿನಲ್ಲಿ ಸರಕಾರಿ ಠೇಕೆಯಲ್ಲಿ ಭಾಂಗ್ ಮಾರುವುದು ಈ ಸಂದಿಯಿಂದ. ಎಲೆಯ ವಿಷಯ ರಾಜ್ಯಗಳ ಅಬಕಾರಿಗೆ ಬಿಟ್ಟದ್ದು, ಆ ರಾಜ್ಯಗಳು ಲೈಸೆನ್ಸ್ ಕೊಡುತ್ತವೆ.

ಹಾಗಾದರೆ ನಮ್ಮಲ್ಲಿ ಭಂಗಿ? 2022ರಲ್ಲಿ ನಮ್ಮ ಹೈಕೋರ್ಟು ಒಂದು ಜಾಮೀನು ಅರ್ಜಿಯಲ್ಲಿ, ಭಾಂಗ್ ಎನ್‌ಡಿಪಿಎಸ್ ಕಾಯ್ದೆಯ ಗಾಂಜಾ ಅಥವಾ ಚರಸ್ ವ್ಯಾಖ್ಯೆಯಲ್ಲಿ ಬರುವುದಿಲ್ಲ ಎಂದಿತು. ಮರುದಿನವೇ ವಾಟ್ಸಪ್ಪಿನಲ್ಲಿ ‘ಭಾಂಗ್ ಲೀಗಲ್’ ಎಂದು ಹಬ್ಬಿತು. ಅದು ಜಾಮೀನಿನ ಆದೇಶ, ಮಾರಾಟಕ್ಕೆ ಪರವಾನಗಿ ಅಲ್ಲ. ನಮ್ಮ ರಾಜ್ಯದ 1965ರ ಅಬಕಾರಿ ಕಾಯ್ದೆಯಲ್ಲಿ ‘ಮಾದಕ ದ್ರವ್ಯ’ದ ಅರ್ಥದೊಳಗೆ ಎಲೆಯೂ ಇದೆ. ಕೇಂದ್ರದ ಕಾಯ್ದೆಯ ಬಲೆಯಿಂದ ಜಾರಿದ ಮೀನು ರಾಜ್ಯದ ಬಲೆಗೆ ಬೀಳುತ್ತದೆ. ಪಾನ್ ಅಂಗಡಿಯಲ್ಲಿ ಚಾಕೋಲೇಟಿನ ಕಾಗದ ಸುತ್ತಿ ಮಾರುವ ಗುಳಿಗೆಗಳಲ್ಲಿ ಎಲೆ ಎಷ್ಟು, ತೆನೆ ಎಷ್ಟು ಎಂದು ಹೇಳುವುದು ಪ್ರಯೋಗಾಲಯದ ವರದಿ. ಅದು ಬರುವವರೆಗೆ ನಿಮ್ಮ ಹುಡುಗ ಎಲ್ಲಿರುತ್ತಾನೆ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಮತ್ತೆ ಚಾಲೂ ಆಗುತ್ತದೆಯೇ ಎಂದು ಕೇಳಿದ್ದೀರಿ. ಹೊರಗೆ ಆದದ್ದನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅಮೆರಿಕದ ಕೊಲರಾಡೊದಲ್ಲಿ 2014ರ ಜನವರಿ 1ಕ್ಕೆ ಅಂಗಡಿ ತೆರೆದರು, ಕೆನಡಾದಲ್ಲಿ 2018ರ ಅಕ್ಟೋಬರ್ 17ಕ್ಕೆ. ಕ್ಯುಬೆಕ್ ಪ್ರಾಂತ್ಯದಲ್ಲಂತೂ ಅಂಗಡಿ ಸರಕಾರದ್ದೇ, 2020ರಿಂದ 21 ವರ್ಷ ತುಂಬದವರಿಗೆ ಕೊಡುವುದಿಲ್ಲ. ಉರುಗ್ವೆ 2013ರಲ್ಲಿ ಕಾಯ್ದೆ ಮಾಡಿ, ಔಷಧ ಅಂಗಡಿಗೆ ಮಾಲು ತರಲು 2017ರವರೆಗೆ ಕಾಯಿತು. ಜರ್ಮನಿ 2024ರಲ್ಲಿ 25 ಗ್ರಾಂ ಇಟ್ಟುಕೊಳ್ಳಲು ಬಿಟ್ಟಿತು, ಅಂಗಡಿಗೆ ಬಿಡಲಿಲ್ಲ. ಥಾಯ್ಲೆಂಡ್ 2022ರ ಜೂನಿನಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದೇ ಬಿಟ್ಟಿತು, ಅದನ್ನು ನಡೆಸುವ ಕಾಯ್ದೆ ಮಾಡಲಿಲ್ಲ. ಬೀದಿಗೊಂದು ಅಂಗಡಿ ಎದ್ದವು. ಮೂರು ವರ್ಷಕ್ಕೆ, 2025ರಲ್ಲಿ, ಡಾಕ್ಟರ ಚೀಟಿ ಇದ್ದರೆ ಮಾತ್ರ ಎಂದು ಹಿಂದಕ್ಕೆ ಬಂತು. ಅಂದರೆ ಎಲ್ಲಿ ಅಂಗಡಿ ನಿಂತಿದೆಯೋ ಅಲ್ಲಿ ಅದು ಅಜ್ಜಾರು ಕಂಡ ಅಂಗಡಿಯ ಹಾಗೆಯೇ ಇದೆ. ಲೈಸೆನ್ಸ್, ಸುಂಕ, ತೂಕದ ಮಿತಿ, ಯಾರಿಗೆ ಕೊಡಬಾರದು ಎಂಬ ನಿಯಮ. ಭಾರತ 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ಗಾಂಜಾವನ್ನು ಅತಿ ಅಪಾಯದ ನಾಲ್ಕನೇ ಪಟ್ಟಿಯಿಂದ ತೆಗೆಯುವ ಪರ ಮತ ಹಾಕಿದ್ದು ನಿಜ. 27 ಪರ, 25 ವಿರೋಧ, ಒಂದು ತಟಸ್ಥ. ಅದರಿಂದ ಇಲ್ಲಿಯ ಕಾಯ್ದೆಯ ಒಂದು ಅಲ್ಪವಿರಾಮವೂ ಬದಲಾಗಲಿಲ್ಲ. ನಮ್ಮ ಕಡೆ ಮತ್ತೆ ಗಾಂಜಾ ಅಂಗಡಿ ತೆರೆಯುವುದನ್ನು ನಾನಂತೂ ನೋಡಲಾರೆ.

ಈಗ ನಿಮ್ಮ ಹೊಲಕ್ಕೆ ಬರೋಣ. ಏಜೆಂಟನ ಮಾತಿನಲ್ಲಿ ಒಂದು ಎಳೆ ಸತ್ಯ ಇದೆ, ಅದಕ್ಕೇ ಅದು ಅಪಾಯ. ಎನ್‌ಡಿಪಿಎಸ್ ಕಾಯ್ದೆಯ ಕಲಂ 14ರ ಪ್ರಕಾರ ನಾರು ಅಥವಾ ಬೀಜಕ್ಕಾಗಿ ಭಂಗಿ ಗಿಡ ಬೆಳೆಯಲು ಸರಕಾರ ಆದೇಶ ಹೊರಡಿಸಿ ಅನುಮತಿ ಕೊಡಬಹುದು. ಉತ್ತರಾಖಂಡ 2018ರಲ್ಲಿ ಮೊದಲು ಆ ದಾರಿ ಹಿಡಿಯಿತು. ಅಮಲಿನ ಅಂಶವಾದ ಟಿಎಚ್‌ಸಿ ಶೇ 0.3ಕ್ಕಿಂತ ಕಡಿಮೆ ಇರಬೇಕೆಂಬ ಷರತ್ತು. ಹಿಮಾಚಲ ಪ್ರದೇಶವೂ ಅದೇ ದಾರಿಯಲ್ಲಿ ಹೆಜ್ಜೆ ಇಟ್ಟಿದೆ, ಕೃಷಿ ವಿಶ್ವವಿದ್ಯಾಲಯದ ಮೂಲಕ ಪ್ರಯೋಗ. 2021ರ ನವೆಂಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೆಂಪ್ ಬೀಜ, ಅದರ ಎಣ್ಣೆ, ಹಿಟ್ಟನ್ನು ಆಹಾರವೆಂದು ಒಪ್ಪಿತು. ಬೆಂಗಳೂರಿನ ಅಂಗಡಿಯಲ್ಲಿ ಹೆಂಪ್ ಬೀಜದ ಪೊಟ್ಟಣ ಸಿಗುವುದು ಇದರಿಂದ. ಆಯುರ್ವೇದದಲ್ಲಿ ‘ವಿಜಯಾ’ ಎಂಬ ಹೆಸರಿನಲ್ಲಿ ಬರುವ ಔಷಧಗಳಿಗೆ ಬೇರೆಯೇ ಲೈಸೆನ್ಸ್, ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಬೇಕೆಂಬ ಸೂಚನೆ ಅದರ ಮೇಲಿರಬೇಕು. ತಿನ್ನಲು ಬೀಜ ಮಾರಬಹುದು ಎಂದರೆ ಬಿತ್ತಬಹುದು ಎಂದಲ್ಲ. ಇದು ಎರಡು ಬೇರೆ ಕಾಗದ. ಎರಡನೆಯ ಕಾಗದ ನಮ್ಮ ಜಿಲ್ಲೆಯ ಒಬ್ಬ ರೈತನ ಕೈಯಲ್ಲಿ ಇರುವುದನ್ನು ನಾನು ಇದುವರೆಗೆ ಕಂಡಿಲ್ಲ.

ಬಿತ್ತದೆ ಬರೀ ಲಾವಣಿಗೆ ಕೊಟ್ಟರೆ? ಇದಕ್ಕೆ ನಾನು ಒಬ್ಬ ಹಿರಿಯರ ಕಥೆ ಹೇಳಬೇಕು. ಕೃಷ್ಣಾ ತೀರದ ಊರಿನವರು. ಧೋತರ, ಟೊಪ್ಪಿಗೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ನಾಲ್ಕು ಮಡಿಕೆ ಮಾಡಿದ ಉತಾರ (ಪಹಣಿ). ಕುರ್ಚಿಯ ಅಂಚಿನಲ್ಲಿ ಕೂತು ಅಂದರು, ‘ವಕೀಲರ, ಹೊಲ ನಂದ ಐತಿ ಖರೆ. ಆದ್ರ ಆ ಗಿಡಾ ನಾ ಹಚ್ಚಿಲ್ರಿ.’ ಎರಡು ಎಕರೆ ಕಬ್ಬನ್ನು ಪಕ್ಕದೂರಿನವನಿಗೆ ಲಾವಣಿಗೆ ಕೊಟ್ಟಿದ್ದರು. ಕಬ್ಬು ಎದೆಯುದ್ದ ಬೆಳೆದ ಮೇಲೆ ಒಳಗೆ ಹೋಗಿ ನೋಡುವವರು ಯಾರು? ರವದಿ (ಕಬ್ಬಿನ ಗರಿ) ಮೈ ಕೊಯ್ಯುತ್ತದೆ, ಹಾವಿನ ಭಯ ಬೇರೆ. ನಡುವಿನ ಸಾಲುಗಳಲ್ಲಿ ಅಕ್ಕಡಿ ಹಾಕಿದ ಹಾಗೆ ಗಾಂಜಾ ಗಿಡ ನಿಂತಿದ್ದವು. ಪೊಲೀಸರು ಬಂದರು, ಕಿತ್ತರು, ಕಟ್ಟು ಕಟ್ಟಿದರು, ತೂಗಿದರು. ಬೇರು, ಕಡ್ಡಿ, ಹಸಿ ಎಲೆ, ಬೇರಿಗೆ ಮೆತ್ತಿದ ಎರೆ ಮಣ್ಣು, ಎಲ್ಲ ಸೇರಿ 22 ಕಿಲೊ.

ಈ 22ರ ಅರ್ಥ ತಿಳಿಯಬೇಕಾದರೆ ಕಲಂ 20 ನೋಡಬೇಕು. ಗಾಂಜಾ ಒಂದು ಕಿಲೊವರೆಗೆ ಇದ್ದರೆ ಸಣ್ಣ ಪ್ರಮಾಣ, ಒಂದು ವರ್ಷದವರೆಗೆ ಶಿಕ್ಷೆ. 20 ಕಿಲೊ ದಾಟಿದರೆ ವಾಣಿಜ್ಯ ಪ್ರಮಾಣ, ಕಡಿಮೆಯೆಂದರೆ 10 ವರ್ಷ, ಹೆಚ್ಚೆಂದರೆ 20, ಜೊತೆಗೆ ಒಂದರಿಂದ ಎರಡು ಲಕ್ಷ ದಂಡ. ಕಲಂ 37ರ ದೆಸೆಯಿಂದ ಜಾಮೀನೂ ದುರ್ಲಭ. ನಡುವಿನದಕ್ಕೆ 10 ವರ್ಷದವರೆಗೆ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಹೂವಿನ ತೆನೆ. ಬೇರು, ಮಣ್ಣು ಗಾಂಜಾ ಅಲ್ಲ. ಪಂಚನಾಮೆಯಲ್ಲಿ ತೆನೆ ಬೇರ್ಪಡಿಸಿ ತೂಗಿದ್ದೇ ಇರಲಿಲ್ಲ. ನಮ್ಮ ವಾದದ ಮುಖ್ಯ ಎಳೆ ಅದೇ ಆಯಿತು. ಇಷ್ಟೆಲ್ಲ ಇದ್ದರೂ ‘ಬೆಳೆದದ್ದು’ ಎಂಬ ಆರೋಪಕ್ಕೆ ಈ ತೂಕದ ಲೆಕ್ಕವೇ ಇಲ್ಲ. ‘ಒಂದ ಗಿಡಕ್ಕೂ ಕೇಸ್ ಆಗತೈತೇನ್ರಿ?’ ಎಂದು ನನ್ನನ್ನು ಬಹಳ ಜನ ಕೇಳಿದ್ದಾರೆ. ಆಗುತ್ತದೆ. ಗಿಡ ಒಂದಿರಲಿ ನೂರಿರಲಿ, ಬೆಳೆದವನಿಗೆ 10 ವರ್ಷದವರೆಗೆ ಶಿಕ್ಷೆ, ಒಂದು ಲಕ್ಷದವರೆಗೆ ದಂಡ ಹಾಕಬಹುದು. ಎಷ್ಟು ಎಂಬುದು ನ್ಯಾಯಾಧೀಶರ ವಿವೇಚನೆ.

ಆ ಹಿರಿಯರ ನಿಜವಾದ ತೊಡಕು ತೂಕದ್ದಲ್ಲ, ಉತಾರದ್ದು. ಕಲಂ 54 ಹೇಳುವುದು ಹೀಗೆ: ಯಾವನು ಹೊಲ ಸಾಗುವಳಿ ಮಾಡಿದ್ದಾನೋ ಅವನ ಹೊಲದಲ್ಲಿ ಗಿಡ ಸಿಕ್ಕರೆ, ಲೆಕ್ಕ ಕೊಡುವ ಹೊಣೆ ಅವನದು. ಮಾಲೀಕ ಅಂದಿಲ್ಲ, ಸಾಗುವಳಿ ಮಾಡಿದವನು ಅಂದಿದೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಸಾಗುವಳಿ ಯಾರದು ಎಂದು ನೋಡಲು ಎಲ್ಲರೂ ತೆಗೆಯುವುದು ಉತಾರದ 12ನೇ ಕಾಲಂ. ನಮ್ಮ ರಾಜ್ಯದಲ್ಲಿ ಭೂಸುಧಾರಣೆ ಕಾಯ್ದೆ ಬಂದ ಮೇಲೆ ಹೊಲ ಗೇಣಿಗೆ ಕೊಡುವುದೇ ಬಹುಮಟ್ಟಿಗೆ ನಿಷಿದ್ಧ. ಹಾಗಾಗಿ ಲಾವಣಿ ಎಂಬುದೆಲ್ಲ ಬಾಯಿಮಾತು, ದೇವರ ಮುಂದೆ ಆಡಿದ ಮಾತು, ಹೆಚ್ಚೆಂದರೆ ಒಂದು ನೋಟ್‌ಬುಕ್ಕಿನ ಹಾಳೆ. 12ನೇ ಕಾಲಂನಲ್ಲಿ ಮಾಲೀಕನ ಹೆಸರೇ ಕೂತಿರುತ್ತದೆ. ಲಾವಣಿಗೆ ಕೊಟ್ಟಿದ್ದೆ ಎಂದು ಸಾಧಿಸಬೇಕಾದರೆ ಮೊದಲು ಆ ಇನ್ನೊಂದು ಕಾಯ್ದೆ ಮುರಿದದ್ದನ್ನು ಒಪ್ಪಬೇಕು. ಲಾವಣಿ ಹಾಕಿಕೊಂಡವನು ಅಷ್ಟೊತ್ತಿಗೆ ಊರು ಬಿಟ್ಟಿದ್ದ. ಹಿರಿಯರಿಗೆ ಜಾಮೀನು ಸಿಕ್ಕಿತು, ಕೊನೆಗೆ ಖುಲಾಸೆಯೂ ಆಯಿತು. ನಡುವೆ ಪ್ರತಿ ತಾರೀಖಿಗೆ ನಸುಕಿನ ಬಸ್ಸು, ಕೋರ್ಟಿನ ಕಟ್ಟೆಯ ಮೇಲೆ ಬುತ್ತಿ. ಎರಡು ಎಮ್ಮೆ ಮಾರಿದರು ಎಂದು ನನಗೆ ಆಮೇಲೆ ಗೊತ್ತಾಯಿತು.

ಗೊತ್ತಿದ್ದೂ ಹೊಲ ಬಿಟ್ಟುಕೊಟ್ಟರೆ ಕಲಂ 25 ನೇರವಾಗಿ ನಿಮ್ಮ ಮೇಲೆ ಬರುತ್ತದೆ. ಏಜೆಂಟ್ ಬಾಯಿ ಬಿಟ್ಟು ‘ಹೆಂಪ್’ ಎಂದು ಹೇಳಿರುವುದರಿಂದ, ನನಗೆ ಗೊತ್ತಿರಲಿಲ್ಲ ಎನ್ನುವ ಮಾತು ನಿಮಗೆ ಉಳಿದಿಲ್ಲ. ಈಗಾಗಲೇ ಯಾರಿಗಾದರೂ ಲಾವಣಿ ಕೊಟ್ಟಿದ್ದರೆ ತಿಂಗಳಿಗೊಮ್ಮೆ ಸಾಲಿನೊಳಗೆ ಇಳಿದು ನೋಡಿ. ಅಂಥ ಗಿಡ ಕಂಡರೆ ಕೂಡಲೇ ಪೊಲೀಸರಿಗೆ ಅಥವಾ ಅಬಕಾರಿಯವರಿಗೆ ತಿಳಿಸುವುದು ಕಲಂ 46ರ ಪ್ರಕಾರ ಹೊಲ ಹೊಂದಿದವನ ಕರ್ತವ್ಯ. ಬಾಯಿಮಾತಿನಲ್ಲಿ ಹೇಳಬೇಡಿ. ಬರೆದು ಕೊಡಿ, ಇನ್ನೊಂದು ಪ್ರತಿಯ ಮೇಲೆ ಮುಟ್ಟಿದ ಸಹಿ, ತಾರೀಖು ಹಾಕಿಸಿಕೊಳ್ಳಿ. ತಾವೇ ಕಿತ್ತು ಸುಟ್ಟು ಸುಮ್ಮನಾಗುವವರಿದ್ದಾರೆ. ನೆರೆಯವನ ಜೊತೆ ಬದುವಿನ ಜಗಳ ಇದ್ದರೆ ಆ ಹೊಗೆಯೇ ನಿಮ್ಮ ಮೇಲಿನ ಸಾಕ್ಷಿಯಾಗುತ್ತದೆ.

ಏಜೆಂಟ್ ಮೂರನೇ ಸಲ ಬಂದರೆ ಕಲಂ 14ರ ಕೆಳಗೆ ನಿಮ್ಮ ಸರ್ವೆ ನಂಬರಿಗೆ ಸಿಕ್ಕ ಆದೇಶದ ಪ್ರತಿ ತೋರಿಸು ಅನ್ನಿ. ಕಂಪನಿಯ ನೋಂದಣಿ ಪತ್ರ, ಉತ್ತರಾಖಂಡದ ಪೇಪರ್ ಕಟಿಂಗ್, ಆಹಾರ ಇಲಾಖೆಯ ಲೈಸೆನ್ಸ್ ಯಾವುದೂ ಅದಕ್ಕೆ ಬದಲಿಯಲ್ಲ. ಇನ್ನೊಂದು ಸಾಧ್ಯತೆಯೂ ಇದೆ. ಅವನು ಹೇಳಿದ್ದು ‘ಸನ್ ಹೆಂಪ್’ ಆಗಿದ್ದು, ನೀವು ಕೇಳಿಸಿಕೊಂಡದ್ದು ‘ಹೆಂಪ್’ ಆಗಿರಬಹುದು. ಸನ್ ಹೆಂಪ್ ಎಂದರೆ ನಮ್ಮ ಸೆಣಬು, ಹಳದಿ ಹೂವಿನ, ಕಾಯಿ ಒಣಗಿದರೆ ಗಿಲಿಗಿಲಿ ಅನ್ನುವ ಗಿಡ. ಕಬ್ಬು ಹಾಕುವ ಮೊದಲು ಹಸಿರೆಲೆ ಗೊಬ್ಬರಕ್ಕೆಂದು ಬಿತ್ತಿ ಮಗುಚುತ್ತಾರಲ್ಲ, ಅದೇ. ಅದಕ್ಕೂ ಭಂಗಿ ಗಿಡಕ್ಕೂ ಇಂಗ್ಲಿಷ್ ಹೆಸರು ಬಿಟ್ಟರೆ ಬಳಗವೇ ಇಲ್ಲ. ಅದನ್ನು ಎಷ್ಟು ಬೇಕಾದರೂ ಬಿತ್ತಿ. ಆದರೆ ಸೆಣಬು ಬಿತ್ತಲು ಯಾರೂ ಎರಡೆರಡು ಸಲ ಮನೆಗೆ ಬಂದು ಗೋಗರೆಯುವುದಿಲ್ಲ.

ಕೊನೆಗೆ ನಿಮ್ಮ ತಿಪ್ಪೆಯ ಗಿಡ. ಫೋಟೋ ನೋಡಿ ನಾನೂ ಒಂದು ಕ್ಷಣ ಕನ್ನಡಕ ತೆಗೆದು ಒರೆಸಿಕೊಂಡೆ. ಎಲೆ ಬೆರಳು ಬಿಟ್ಟ ಹಾಗೆ ಸೀಳಿದೆ, ಅಂಚು ಗರಗಸದ ಹಾಗಿದೆ. ಆದರೆ ದೊಡ್ಡದು ಮಾಡಿ ನೋಡಿದರೆ ಸೀಳುಗಳು ಬುಡದಲ್ಲಿ ಒಂದಕ್ಕೊಂದು ಕೂಡಿಕೊಂಡಿವೆ. ಭಂಗಿಯಲ್ಲಿ ಒಂದೊಂದು ಬೆರಳೂ ಬೇರೆ ಬೇರೆ ಎಲೆಯ ಹಾಗೆ ಬುಡದವರೆಗೆ ಬಿಡಿಯಾಗಿರುತ್ತದೆ. ನಿಮ್ಮ ಗಿಡದ ಕಾಂಡದ ಮೇಲೆ ಸಣ್ಣ ಮುಳ್ಳೂ ಇವೆ, ತುದಿಯಲ್ಲಿ ಬೆಂಡೆ ಹೂವಿನಂಥ ಹಳದಿ ಹೂವು, ನಡುವೆ ಕಪ್ಪುಗೆಂಪು ಕಣ್ಣು. ಖಾತ್ರಿಗೆಂದು ನಮ್ಮ ಮನೆಯವರಿಗೆ ತೋರಿಸಿದೆ. ಅವರು ಮೊಬೈಲು ಕೈಗೆ ತೆಗೆದುಕೊಳ್ಳಲೂ ಇಲ್ಲ, ಒಲೆಯ ಕಡೆಯಿಂದಲೇ ನೋಡಿ, ‘ಪುಂಡಿ ಅಲ್ಲೇನ್ರಿ ಅದು?’ ಅಂದರು. ಪುಂಡಿಯೇ. ಸಸ್ಯಶಾಸ್ತ್ರದವರು ಅದಕ್ಕೆ ಹಿಬಿಸ್ಕಸ್ ಕ್ಯಾನಬಿನಸ್ ಎಂದು ಹೆಸರಿಟ್ಟದ್ದೇ ಎಲೆ ಭಂಗಿಯ ಹಾಗೆ ಕಾಣುತ್ತದೆ ಎಂಬ ಕಾರಣಕ್ಕೆ, ಹಾಗಾಗಿ ನೀವು ಮೋಸ ಹೋದದ್ದರಲ್ಲಿ ತಪ್ಪಿಲ್ಲ. ಹೂವು ಬಂದಿರುವುದರಿಂದ ಬುಡದ ಎಲೆ ನಾರಾಗಿರುತ್ತವೆ. ತುದಿಯ ಎಳೆ ಎಲೆ ಚಿವುಟಿಕೊಂಡು, ಜೋಳದ ನುಚ್ಚು, ಬೆಳ್ಳುಳ್ಳಿ ಹಾಕಿ ಪಲ್ಯ ಮಾಡಿಸಿ. ಅಜ್ಜಾರಿಗೆ ಬಿಸಿ ರೊಟ್ಟಿಯ ಜೊತೆ ಬಡಿಸುವಾಗ ಆ ಅಂಗಡಿ ಪೇಟೆಯ ಯಾವ ಮೂಲೆಯಲ್ಲಿತ್ತು ಎಂದು ಕೇಳಿ ನನಗೂ ಬರೆದು ತಿಳಿಸಿ.